ನಳದ ನೀರಿನ ವರದಿ: ಸಾಲು ಸಾಲಿನ ವ್ಯಾಖ್ಯಾನ

ನೀರನ್ನು ಪರೀಕ್ಷೆಗೆ ಕೊಟ್ಟರೆ ಕೆಲವು ದಿನದ ಮೇಲೆ ಕೈಗೆ ಬರುವುದು ಒಂದೇ ಹಾಳೆ. ಎಡಗಡೆ ಹೆಸರುಗಳು, ನಡುವೆ ಅಂಕಿಗಳು, ಬಲಗಡೆ ಎರಡು ಮಿತಿಗಳು, ಕೆಳಗೆ ಒಂದು ಷರಾ, ಸಹಿ, ಮೊಹರು. ನನ್ನ ಮುಂದೆ ಇಂಥ ಮೂರು ಹಾಳೆಗಳಿವೆ. ಬೀದರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ನಳದ್ದೊಂದು, ಭಾಲ್ಕಿಯಲ್ಲಿ ಅಕ್ಕನ ಮನೆಯ ಬೋರಿನದೊಂದು, ಔರಾದ ತಾಲೂಕಿನಲ್ಲಿ ಸೋದರಮಾವನ ಊರಿನ ಬಾವಿಯದೊಂದು. ಅಂಕಿಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ, ಸಾಲುಗಳು ಎಲ್ಲ ಹಾಳೆಗಳಲ್ಲೂ ಅವೇ. ಹಾಗಾಗಿ ಈ ವ್ಯಾಖ್ಯಾನ ಸಾಲುಗಳಿಗೆ.

ಮೊದಲು ಆ ಎರಡು ಮಿತಿಗಳ ಮಾತು. ಅವು ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡದವು, 2012ರಲ್ಲಿ ಪರಿಷ್ಕರಿಸಿದ್ದು. ಮೊದಲನೆಯ ಅಂಕಿ ಇರಬೇಕಾದ ಮಟ್ಟ. ಎರಡನೆಯದು, ಬೇರೆ ನೀರೇ ಸಿಗದ ಊರಿನಲ್ಲಿ ಸಹಿಸಿಕೊಳ್ಳಬಹುದಾದ ಮಟ್ಟ. ಎರಡನೆಯದನ್ನೇ ಪಾಸು ಅಂಕ ಎಂದು ಓದುವ ರೂಢಿ ನಮ್ಮಲ್ಲಿ ಬೇರೂರಿದೆ. ಬೇರೆ ದಾರಿಯಿಲ್ಲದವನಿಗೆ ಕೊಟ್ಟ ವಿನಾಯಿತಿಯನ್ನು ಅಣೆಕಟ್ಟಿನ ಪಕ್ಕದಲ್ಲಿರುವವರೂ ಏಕೆ ಒಪ್ಪಿಕೊಳ್ಳಬೇಕು?

ಮಾದರಿ ತೆಗೆದ ಸ್ಥಳ, ದಿನಾಂಕ, ವೇಳೆ

ಇದು ಬರೀ ವಿಳಾಸ ಎಂದುಕೊಂಡು ಎಲ್ಲರೂ ದಾಟಿಹೋಗುತ್ತಾರೆ. ಆದರೆ ಉಳಿದ ಸಾಲುಗಳೆಲ್ಲ ಇದರ ಹಂಗಿನಲ್ಲಿವೆ.

ಬೀದರ ನಗರದ ನಳಗಳಿಗೆ ದೊಡ್ಡ ಆಸರೆ ಕಾರಂಜಾ ಜಲಾಶಯ. ಮಾಂಜ್ರಾದ ಉಪನದಿಯಾದ ಕಾರಂಜಾಕ್ಕೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಟ್ಟಿದ ಈ ಜಲಾಶಯ 7.69 ಟಿಎಂಸಿ ನೀರು ಹಿಡಿಯುತ್ತದೆ. ಅಂಥ ಹೊಳೆಯ ನೀರಿಗೆ ಆಲಂ ಹಾಕಿ ಕೆಸರು ಕೂಡಿಸುತ್ತಾರೆ, ಉಸುಕಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸಿ ಎತ್ತರದ ಟಾಕಿಗೆ ಏರಿಸುತ್ತಾರೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಬಾಟಲಿ ಹಿಡಿದರೆ ವರದಿ ಚೆನ್ನಾಗಿಯೇ ಬರುತ್ತದೆ. ನೀರು ಕೆಡುವುದು ಅಲ್ಲಿಂದ ಮುಂದೆ, ಟಾಕಿಗೂ ನಮ್ಮ ಕೊಡಕ್ಕೂ ನಡುವಿನ ದಾರಿಯಲ್ಲಿ.

ನಮ್ಮ ಬಡಾವಣೆಗೆ ನೀರು ಎರಡು ಮೂರು ದಿನಕ್ಕೊಮ್ಮೆ, ಅದೂ ಒಂದೆರಡು ತಾಸು. ವಾಲ್ ತಿರುವಿದ ಮೇಲೆ ಪೈಪು ಬರಿದಾಗುತ್ತದೆ, ಒಳಗೆ ಒತ್ತಡ ಉಳಿಯುವುದಿಲ್ಲ. ಗಟಾರದ ಬದಿಯಲ್ಲಿ, ಎಷ್ಟೋ ಕಡೆ ಗಟಾರದೊಳಗೇ ಹಾದುಹೋದ ಪೈಪಿನ ಜೋಡಣೆ ಸ್ವಲ್ಪ ಸಡಿಲಿದ್ದರೂ ಹೊರಗಿನ ಹೊಲಸು ಒಳಗೆ ಜಿನುಗುತ್ತದೆ. ಮತ್ತೆ ವಾಲ್ ಬಿಟ್ಟಾಗ ಅದೇ ಮೊದಲು ನಮ್ಮ ಮನೆಗೆ ಬರುತ್ತದೆ. ‘ನಳ ಬಂದಾವ’ ಎಂದು ಓಣಿಯಲ್ಲಿ ಕೂಗು ಬಿದ್ದ ಕೂಡಲೇ ಕೆಲವರು ನಳಕ್ಕೆ ನೇರವಾಗಿ ಮೋಟರು ಹಚ್ಚುತ್ತಾರೆ. ಮೋಟರು ಎಳೆಯುವಾಗ ಪೈಪಿನೊಳಗೆ ಹೀರುವ ಬಲ ಹುಟ್ಟಿ, ಓಣಿಯ ಗಟಾರದ ನೀರೂ ಅದರೊಡನೆ ಬರುತ್ತದೆ. ಮೋಟರು ಹಚ್ಚಿದವರು ಕೆಟ್ಟವರೇನಲ್ಲ. ತುದಿಮನೆಯವರಿಗೆ ಬೇರೆ ಬಗೆಯಲ್ಲಿ ಕೊಡ ತುಂಬುವುದಿಲ್ಲ.

ಇದು ನನ್ನ ಊಹೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದಲ್ಲಿ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನೂ ಇಡೀ ದಿನ ಬರುವ ವಾರ್ಡುಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ನೂರಕ್ಕೆ ಸುಮಾರು 32 ಮಾದರಿಗಳಲ್ಲಿ ಮಲದ ಗುರುತಾದ ಇ. ಕೋಲಿ ಸಿಕ್ಕಿತು. ಇಡೀ ದಿನ ಬರುವ ನಳಗಳಲ್ಲಿ ನೂರಕ್ಕೆ ಒಂದೂ ತುಂಬಲಿಲ್ಲ. ಎರಡಕ್ಕೂ ನೀರಿನ ಮೂಲ ಒಂದೇ. ಪೈಪಿನಲ್ಲಿ ಒತ್ತಡ ಉಳಿಯುತ್ತದೆಯೋ ಇಲ್ಲವೋ ಎಂಬುದರಿಂದಲೇ ಇಷ್ಟು ಅಂತರ.

ಆದ್ದರಿಂದ ಈ ಸಾಲಿನಲ್ಲಿ ‘ಟಾಕಿಯ ಹತ್ತಿರ’ ಎಂದು ಬರೆದಿದ್ದರೆ ಆ ಹಾಳೆ ಟಾಕಿಯದ್ದು, ನಿಮ್ಮದಲ್ಲ. ನಾನು ಮಾದರಿ ಹಿಡಿಯಲು ಹೋದಾಗ ಪಕ್ಕದ ಮನೆಯ ಕಾಕು ಪ್ರೀತಿಯಿಂದ ಬಾಟಲಿ ಕಸಿದುಕೊಂಡು, ‘ತಡಿ, ತೊಳದು ಕೊಡ್ತೀನಿ’ ಎಂದರು. ‘ಬ್ಯಾಡ ಕಾಕು, ಹಾಂಗೇ ಕೊಡ್ರಿ’ ಎಂದು ಕೈ ಹಿಡಿಯಬೇಕಾಯಿತು. ಬಾಟಲಿಯ ತಳದಲ್ಲಿದ್ದ ಚೂರು ಪುಡಿ ಧೂಳಲ್ಲ, ಸೋಡಿಯಂ ಥಯೋಸಲ್ಫೇಟ್. ನೀರಿನಲ್ಲಿರುವ ಕ್ಲೋರಿನ್ ದಾರಿಯುದ್ದಕ್ಕೂ ಕ್ರಿಮಿ ಕೊಲ್ಲುತ್ತ ಹೋದರೆ ಪ್ರಯೋಗಾಲಯಕ್ಕೆ ಸುಳ್ಳು ಸಿಗುತ್ತದೆ. ಈ ಪುಡಿ ಕ್ಲೋರಿನ್ನನ್ನು ತಡೆದು, ನಳದ ಬಾಯಲ್ಲಿದ್ದ ಸ್ಥಿತಿಯನ್ನೇ ಕಾಯ್ದಿಡುತ್ತದೆ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬಾರದು, ಬಾಟಲಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆದಷ್ಟು ಬೇಗ, ತಡವೆಂದರೆ 24 ತಾಸಿನೊಳಗೆ ಮುಟ್ಟಿಸಬೇಕು.

ಕದಡು: 1 / 5

ಕದಡು ಎಂದರೆ ನೀರಿನಲ್ಲಿ ತೇಲುವ ಸಣ್ಣ ಕಣಗಳು. ಹೊಸ ನೀರು ಬಂದ ಮಳೆಗಾಲದಲ್ಲಿ ಕೊಡದ ತಳ ಕೆಂಪಗೆ ಕೂರುವುದನ್ನು ಎಲ್ಲರೂ ಕಂಡಿದ್ದೇವೆ. ಕಣಗಳ ಮರೆಯಲ್ಲಿ ಕ್ರಿಮಿಗಳು ಕ್ಲೋರಿನ್ನಿಗೆ ಸಿಗದೆ ಉಳಿಯುತ್ತವೆ, ಆದ್ದರಿಂದ ಕದಡನ್ನು ಮೊದಲು ತೆಗೆದು ಆಮೇಲೆ ಕ್ಲೋರಿನ್ ಹಾಕಬೇಕು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುವ ನಮ್ಮ ಅಜ್ಜಿಯಂದಿರ ರೂಢಿ ಕಣ ತೆಗೆಯುವ ಮಟ್ಟಿಗೆ ಸರಿಯಾದದ್ದೇ.

ಪಿಎಚ್: 6.5 ರಿಂದ 8.5

ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಈ ಸಾಲು ಓದುವಾಗ ಕಾಲ ಕೆಳಗಿನ ಕಲ್ಲು ನೆನಪಿರಬೇಕು. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಭಾಲ್ಕಿ ಮತ್ತು ಔರಾದ ಬಹುಮಟ್ಟಿಗೆ ಕರಿಕಲ್ಲು, ಎರೆ ನೆಲ. ಜಂಬಿಟ್ಟಿಗೆ ತೂತು ತೂತಿನ ಕಲ್ಲು. ಮಳೆ ಅದರೊಳಗೆ ಸರಸರ ಇಳಿದು, ಕೆಳಗಿನ ಜೇಡಿಪದರ ಮತ್ತು ಕರಿಕಲ್ಲಿನ ಮೇಲೆ ತಂಗಿ, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾದ ಝರಿ, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರು ಎಲ್ಲ ಈ ದಿಬ್ಬದ ಕೊಡುಗೆ. ಬಹಮನಿ ಕಾಲದವರು ನೌಬಾದದ ಬಳಿ ಇದೇ ಪದರಕ್ಕೆ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗ ಬಾವಿ ಕೊರೆದು, ನಡುನಡುವೆ ಗಾಳಿಬಾವಿಗಳನ್ನಿಟ್ಟು ನೀರು ಹರಿಸಿಕೊಂಡರು.

ಇಂಥ ಜಂಬಿಟ್ಟಿಗೆಯ ಆಳವಿಲ್ಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ ಕಡೆಗೆ ವಾಲಿದ್ದು. ಕುಡಿದರೆ ಕೇಡಿಲ್ಲ, ಕಬ್ಬಿಣದ ಪೈಪನ್ನು ಮಾತ್ರ ತಿನ್ನುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿದ್ದು ಬೆಳಗಿನ ಮೊದಲ ನೀರು ಕಂದು ಬಣ್ಣದ್ದಾದರೆ ಮನೆಯ ಹಳೆ ಪೈಪನ್ನೊಮ್ಮೆ ನೋಡಿಸಿಕೊಳ್ಳಿ.

ಒಟ್ಟು ಕರಗಿದ ಘನವಸ್ತು (ಟಿಡಿಎಸ್): 500 / 2000

ಈ ಸಾಲಿಗೆ ಸಿಗುವಷ್ಟು ಮರ್ಯಾದೆ ಬೇರಾವುದಕ್ಕೂ ಸಿಗುವುದಿಲ್ಲ, ಅದಕ್ಕೆ ಕಾರಣ ವ್ಯಾಪಾರ. ಫಿಲ್ಟರ್ ಮಾರಲು ಬಂದವರು ಪೆನ್ನಿನಂಥ ಮೀಟರನ್ನು ಲೋಟದಲ್ಲಿ ಅದ್ದಿ ಅಂಕಿ ತೋರಿಸುತ್ತಾರೆ. ಅದು ಸಾಲದಿದ್ದರೆ ಎರಡು ಜೊತೆ ಕಡ್ಡಿಗಳ ಇನ್ನೊಂದು ಯಂತ್ರ ತೆಗೆದು ಕರೆಂಟು ಹಾಯಿಸುತ್ತಾರೆ. ನಳದ ನೀರು ಅರೆ ನಿಮಿಷದಲ್ಲಿ ಕೊಳೆ ಬಣ್ಣಕ್ಕೆ ತಿರುಗುತ್ತದೆ, ಮೇಲೆ ನೊರೆ. ನಮ್ಮ ಮನೆಯಲ್ಲೂ ಒಬ್ಬರು ಇದನ್ನು ತೋರಿಸಿದಾಗ ನಮ್ಮವ್ವ ಹೆದರಿ ಒಂದು ದಿನ ನಳದ ನೀರು ಮುಟ್ಟಲಿಲ್ಲ. ಆ ಕೊಳೆ ನೀರಿನದ್ದಲ್ಲ, ಕರೆಂಟು ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ಬಿಡುವ ತುಕ್ಕು. ಲವಣವಿರುವ ಯಾವ ನೀರಿಗೆ ಹಚ್ಚಿದರೂ ಹಾಗೇ ಆಗುತ್ತದೆ.

ಟಿಡಿಎಸ್ ಹೇಳುವುದು ಕರಗಿದ ಲವಣದ ಮೊತ್ತವನ್ನು ಮಾತ್ರ. ಕ್ರಿಮಿಯ ಮಾತು ಅದಕ್ಕೆ ಗೊತ್ತಿಲ್ಲ. ಮೀಟರಿನಲ್ಲಿ 100 ತೋರಿಸುವ ನೀರಿನಲ್ಲಿ ಕಾಲರಾ ಇರಬಹುದು, 700 ತೋರಿಸುವ ನೀರು ಕುಡಿದು ಊರಿಗೆ ಊರೇ ಗಟ್ಟಿಯಾಗಿರಬಹುದು. ಕ್ಯಾನ್ ನೀರಿನವರಿಗೂ ಕೇಳಬೇಕಾದದ್ದು ಟಿಡಿಎಸ್ ಎಷ್ಟು ಎಂದಲ್ಲ, ಕ್ಯಾನ್ ತೊಳೆಯುವುದು ಹೇಗೆ ಎಂದು.

ಒಟ್ಟು ಗಡಸುತನ: 200 / 600

ಭಾಲ್ಕಿಯ ಅಕ್ಕನಿಗೆ ಈ ಅಂಕಿ ಓದಿ ಹೇಳುವ ಅಗತ್ಯವೇ ಬೀಳಲಿಲ್ಲ. ‘ಬೋರಿನ ನೀರಾಗ ಬ್ಯಾಳಿ ಕುದಿಯಂಗಿಲ್ಲೋ ತಮ್ಮಾ, ಕುಕ್ಕರ್ ಎರಡು ಸೀಟಿ ಹೆಚ್ಚು ಕೇಳ್ತದ’ ಎಂದಳು. ತೊಗರಿ ಬೆಳೆಯುವ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು? ಕರಿಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಬೇಳೆಯೊಳಗಿನ ಪೆಕ್ಟಿನ್ ಈ ಕ್ಯಾಲ್ಸಿಯಂ ಜೊತೆ ಗಂಟುಬಿದ್ದು ಗಟ್ಟಿಯಾಗುತ್ತದೆ, ಬೇಳೆ ಅರಳುವುದಿಲ್ಲ. ಸಾಬೂನು ನೊರೆಯಾಗುವುದಿಲ್ಲ, ಗೀಸರಿನ ಕಾಯಿಲಿಗೆ ಬಿಳಿ ಪದರ ಕಟ್ಟುತ್ತದೆ. ಖರ್ಚು ಹೆಚ್ಚಿಸುವ ನೀರು ಇದು, ರೋಗ ತರುವ ನೀರಲ್ಲ. ಸವುಳು ನೀರೆಂದರೆ ವಿಷ ಎಂಬ ಭಯ ಬೇಡ.

ಫ್ಲೋರೈಡ್: 1.0 / 1.5

ಇದು ಮುಖ್ಯವಾಗಿ ಪಾವಗಡ, ಕೋಲಾರದ ಕಡೆಯ ಬಿಳಿಕಲ್ಲಿನ ನೆಲದ ಪೀಡೆ. ಆಳದ ಬೋರು ಕೊರೆದವರು ಒಮ್ಮೆ ನೋಡಿಕೊಂಡರೆ ಸಾಕು.

ನೈಟ್ರೇಟ್: 45, ವಿನಾಯಿತಿ ಇಲ್ಲ

ಎರಡನೆಯ ಅಂಕಿಯ ಜಾಗದಲ್ಲಿ ‘ವಿನಾಯಿತಿ ಇಲ್ಲ’ ಎಂದಿರುವುದನ್ನು ಗಮನಿಸಿ. ಬೇರೆ ನೀರಿಲ್ಲ ಎಂಬ ನೆಪವನ್ನೂ ಇಲ್ಲಿ ಒಪ್ಪಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ನೈಟ್ರೇಟ್ ಮಿತಿ ಮೀರಿದ ರಾಜ್ಯಗಳ ಸಾಲಿನಲ್ಲಿ ರಾಜಸ್ಥಾನದ ಜೊತೆಗೇ ಕರ್ನಾಟಕವಿದೆ. ನಮ್ಮಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಿತಿ ಮೀರಿದವು.

ಔರಾದ ಕಡೆಯ ಮಾವನ ಬಾವಿಯ ಹಾಳೆಯಲ್ಲಿ ಮಿತಿ ಮೀರಿದ್ದು ಇದೊಂದೇ ಸಾಲು. ಹೊಲಕ್ಕೆ ಹಾಕಿದ ಯೂರಿಯಾ, ಬಾವಿಯ ಮೇಲ್ಬದಿಯ ತಿಪ್ಪೆ, ಮನೆಯ ಹಿಂದಿನ ಪಾಯಖಾನೆ ಗುಂಡಿ ಎಲ್ಲವೂ ನೈಟ್ರೇಟಿನ ತವರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ತಿಳಿಯುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಆ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ರಕ್ತ ಪ್ರಾಣವಾಯು ಹೊರುವ ಶಕ್ತಿ ಕಳೆದುಕೊಂಡು ಕೂಸಿನ ತುಟಿ, ಉಗುರು ನೀಲಿಗಟ್ಟುತ್ತವೆ. ಇಲ್ಲೊಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಮಾವನ ಸೊಸೆ ಬಾಣಂತಿ. ಆ ಮನೆಗೆ ಈಗ ಕೂಸಿನ ಮಟ್ಟಿಗೆ ಹಳ್ಳಿಯ ಶುದ್ಧ ನೀರಿನ ಘಟಕದ ಕ್ಯಾನ್ ಬರುತ್ತಿದೆ. ಕರಗಿದ ಲವಣವನ್ನೂ ಸೋಸುವ ಆರ್‌ಓ ಫಿಲ್ಟರ್ ನಿಜವಾಗಿ ಬೇಕಾಗುವ ಜಾಗ ಇಂಥದು.

ಬೀದರದಲ್ಲಿ ಇದರ ಚಿಂತೆ ಬೇರೆ ಬಗೆಯದು. ಒಳಚರಂಡಿ ಮುಟ್ಟದ ಹೊಸ ಬಡಾವಣೆಗಳಲ್ಲಿ ಮನೆಗೊಂದು ಗುಂಡಿ, ಮನೆಗೊಂದು ಬೋರು, ಎರಡಕ್ಕೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ. ಮಳೆಯನ್ನು ಸರಸರ ಇಳಿಸಿಕೊಳ್ಳುವ ಜಂಬಿಟ್ಟಿಗೆ ಗುಂಡಿಯ ನೀರನ್ನೂ ಅಷ್ಟೇ ಬೇಗ ಇಳಿಸಿಕೊಳ್ಳುತ್ತದೆ. ಸುರಂಗ ಬಾವಿ ಕೊರೆದ ಕಾಲದಲ್ಲಿ ಮೇಲೆ ಇಷ್ಟು ಮನೆಗಳಿರಲಿಲ್ಲ.

ಉಳಿಕೆ ಕ್ಲೋರಿನ್: ಕನಿಷ್ಠ 0.2

ಇರಬಾರದು ಎನ್ನುವ ಸಾಲುಗಳ ನಡುವೆ ಇರಲೇಬೇಕು ಎನ್ನುವ ಸಾಲು ಇದು. ಘಟಕದಲ್ಲಿ ಹಾಕಿದ ಕ್ಲೋರಿನ್ ಕ್ರಿಮಿ ಕೊಂದು ಮಿಕ್ಕು, ತುದಿಮನೆಯ ನಳದವರೆಗೂ ಕಾವಲಾಗಿ ಬರಬೇಕು. ‘ನೀರಿಗೆ ದವಾಖಾನಿ ವಾಸನಿ ಹೊಡೀತದ’ ಎಂದು ಜನ ಸಿಟ್ಟಾಗುತ್ತಾರೆ. ನನಗೆ ಈಗ ಆ ವಾಸನೆ ಬರದ ದಿನವೇ ಚಿಂತೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ನೀರಿಗೆ ಆರ್ಥೋಟಾಲಿಡಿನ್ ದ್ರಾವಣ ಬಿಟ್ಟರೆ ಹಳದಿಯಾಗಬೇಕು. ಬಣ್ಣ ತಿರುಗದಿದ್ದರೆ ಕಾವಲಿಲ್ಲ.

ಮನೆಯ ಟಾಕಿಗೆ ನೀವೇ ಹಾಕುವುದಾದರೆ 1000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ ಸಾಕು. ಮೊದಲು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರುವಿ, ಒಂದು ತಾಸು ಬಿಡಬೇಕು. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಉಳಿಯುವುದು ಬರೀ ಸುಣ್ಣ.

ಇ. ಕೋಲಿ: 100 ಮಿಲಿಲೀಟರಿನಲ್ಲಿ ಇರಕೂಡದು

ಇದಕ್ಕೆ ಒಂದೇ ಅಂಕಿ, ಸೊನ್ನೆ. ಇ. ಕೋಲಿ ಮನುಷ್ಯರ, ದನಕರುಗಳ ಕರುಳಿನಲ್ಲಿರುವುದು. ಅದು ನಳದಲ್ಲಿ ಸಿಕ್ಕಿತೆಂದರೆ ಮಲ ನೀರಿಗೆ ತಾಗಿದೆ, ಅದರ ಬೆನ್ನಿಗೆ ಕಾಲರಾ, ಟೈಫಾಯಿಡ್, ಕಾಮಾಲೆ ಬರಲು ದಾರಿ ತೆರೆದಿದೆ. 2022ರಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಳದ ನೀರು ಕುಡಿದು ಜನ ಸತ್ತರು. ಎರಡೂ ಕಡೆ ಸತ್ತವರು ದಿನವೂ ಹಿಡಿಯುವ ನೀರನ್ನೇ ಹಿಡಿದವರು.

ಜಲಜೀವನ ಮಿಷನ್ನಿನಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದೆ. ಅವರ ಕೈಯಲ್ಲಿರುವ ಪುಟ್ಟ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಮಲದ ಕಲಬೆರಕೆಯ ಶಂಕೆ. ಮಾವನ ಊರಿನಲ್ಲಿ ಆ ಬಾಟಲಿಗಳನ್ನು ಹಳೆ ಟವೆಲ್ಲಿನಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದನ್ನು ನೋಡಿದೆ. ಒಂದು ಕಪ್ಪಾಗಿತ್ತು. ಅದರ ಮೇಲೆ ಪೆನ್ನಿನಲ್ಲಿ ಬರೆದದ್ದು ‘ಶಾಲಿ ಹಿಂದಿನ ನಳ’. ಬರೆದವಳು ಸ್ಥಳದ ಸಾಲಿನ ಬೆಲೆ ತಿಳಿದವಳು. ಇಂಥದು ಕಂಡಾಗ ಪೈಪು ದುರಸ್ತಿಯಾಗುವತನಕ ನೀರನ್ನು ಗುಳುಗುಳು ಉಕ್ಕುವಂತೆ ಒಂದು ನಿಮಿಷ ಕುದಿಸಿಯೇ ಕುಡಿಯಬೇಕು. ನೈಟ್ರೇಟಿಗೆ ಉಪಯೋಗವಾಗದ ಕುದಿ ಇಲ್ಲಿ ಜೀವ ಉಳಿಸುತ್ತದೆ.

ಷರಾ: ಕುಡಿಯಲು ಯೋಗ್ಯ

ಯಾವ ನೀರು? ಆ ಬಾಟಲಿಯಲ್ಲಿದ್ದ ನೀರು. ಎಂದು? ಮೇಲಿನ ದಿನಾಂಕದಂದು, ಆ ವೇಳೆಗೆ. ನಮ್ಮ ಬಡಾವಣೆಯ ಹಾಳೆಯಲ್ಲಿ ಈ ಷರಾ ಬಂದಿತ್ತು. ಮಾದರಿ ತೆಗೆದದ್ದು ನಮ್ಮ ಮನೆಯಲ್ಲಿ, ನಮ್ಮ ಮನೆ ಓಣಿಯ ಬಾಯಲ್ಲಿ, ನೀರು ಬಂದು ಮುಕ್ಕಾಲು ತಾಸಾದ ಮೇಲೆ. ತುದಿಮನೆಯ ಭಾಭಿಗೆ ಹಾಳೆ ತೋರಿಸಿದೆ. ಎರಡು ಸಲ ಓದಿ, ‘ಇದು ನಿಮ್ಮ ನಳದ್ದು. ನನ್ನ ಹುಡುಗಗ ಈ ತಿಂಗಳ ಎರಡು ಸಲ ಹೊಟ್ಟಿ ಕೆಟ್ಟದ’ ಎಂದರು.

ಹೊಸ ಬಾಟಲಿ ತಂದಿಟ್ಟಿದ್ದೇನೆ. ಮುಂದಿನ ಸಲ ವಾಲ್ ಬಿಟ್ಟಾಗ ಅವರ ನಳದ ಮೊದಲ ನೀರು ಹಿಡಿಯುವುದೆಂದು ಮಾತಾಗಿದೆ.