ಮಲ್ಲಿಗೆಯ ಅಂಚು

ಚಿತ್ರದ ಬ್ಯಾಗ್ರೌಂಡ್ ತೆಗೆಯಲು ಪೈಥಾನ್ ಕಲಿಯುವವರು ಮೊದಲು ಬರೆಯುವ ಕೋಡ್ ಹೆಚ್ಚುಕಡಿಮೆ ಒಂದೇ: ಪಿಲ್ಲೋ ಲೈಬ್ರರಿಯಲ್ಲಿ ಚಿತ್ರ ತೆರೆದು, ಕೆಂಪು, ಹಸಿರು, ನೀಲಿ ಮೂರೂ 240 ದಾಟಿದ ಪಿಕ್ಸೆಲ್‌ಗಳ ಆಲ್ಫಾವನ್ನು ಸೊನ್ನೆ ಮಾಡಿ ಪಾರದರ್ಶಕವಾಗಿಸುವುದು. ಸಹಿಗೆ, ಸೀಲಿಗೆ ಇಷ್ಟು ಸಾಕು. ಬಿಳಿ ಬಟ್ಟೆಯ ಮೇಲಿಟ್ಟ ಹಡಗಲಿ ಮಲ್ಲಿಗೆಯ ಹಾರಕ್ಕೆ ಅದನ್ನೇ ಓಡಿಸಿ ನೋಡಿ, ಭೌಗೋಳಿಕ ಸೂಚ್ಯಂಕ ಪಡೆದ ಹೂವೇ ಮಾಯವಾಗಿ ತೊಟ್ಟು, ದಾರ ಉಳಿಯುತ್ತವೆ! ಮೂಲೆಯಿಂದ ಬಣ್ಣ ಹರಿಸುವ ಫ್ಲಡ್‌ಫಿಲ್ ಇದೆಯಲ್ಲ ಎನ್ನಬಹುದು. ಅದು ಎಸಳಿನ ಬಿಳುಪಿನೊಳಗೂ ನುಗ್ಗುತ್ತದೆ. ನುಗ್ಗದಂತೆ ಬಿಗಿ ಮಾಡಿದರೆ ಹಾರದ ನಡುವಿನ ಖಾಲಿ ಜಾಗಕ್ಕೆ ತಲುಪುವುದೇ ಇಲ್ಲ.

ಪಿಕ್ಸೆಲ್ಲಿನ ಬಣ್ಣ ಯಾವುದು ಎಂದಷ್ಟೇ ಕೇಳುತ್ತಿರುವವರೆಗೂ ಈ ತೊಡಕು ತಪ್ಪದು. ಅದರಲ್ಲಿ ಹೂವಿನ ಪಾಲೆಷ್ಟು ಎಂದು ಕೇಳಬೇಕು. ಅಂಚಿನ ಒಂದೇ ಪಿಕ್ಸೆಲ್‌ನಲ್ಲಿ ಎಸಳೂ ಬಟ್ಟೆಯೂ ಬೆರೆತಿರುತ್ತವೆ. ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಪೋರ್ಟರ್ ಮತ್ತು ಡಫ್ 1984ರ ತಮ್ಮ ಪ್ರಬಂಧದಲ್ಲಿ ಆಲ್ಫಾವನ್ನು ಹೀಗೆ ಪಾಲಿನ ಲೆಕ್ಕವಾಗಿಯೇ ಕಂಡರು. 1996ರಲ್ಲಿ ಬಂದ ಪಿಎನ್‌ಜಿಯ ಎಂಟು ಬಿಟ್ ಆಲ್ಫಾದಲ್ಲಿ 0ಯಿಂದ 255ರವರೆಗೆ ಮೆಟ್ಟಿಲುಗಳಿವೆ (ಜೆಪೆಗ್‌ನಲ್ಲಿ ಆಲ್ಫಾಕ್ಕೆ ಜಾಗವೇ ಇಲ್ಲ). ಮೊದಲ, ಕೊನೆಯ ಮೆಟ್ಟಿಲನ್ನಷ್ಟೇ ತುಳಿಯುವ ಕೋಡ್ ನಡುವಿನ 254ನ್ನು ಪೋಲು ಮಾಡುತ್ತದೆ. ಕೊಟ್ಟೂರು ತೇರಿನ ಶುಭಾಶಯದ ಕಡುಗೆಂಪು ಪೋಸ್ಟರಿಗೆ ಹಾಗೆ ಕತ್ತರಿಸಿದ ವ್ಯಕ್ತಿಯ ಚಿತ್ರ ಅಂಟಿಸಿದರೆ, ಕೂದಲ ಸುತ್ತ ಹಳೆಯ ಬ್ಯಾಗ್ರೌಂಡಿನ ಬಿಳಿ ಗೆರೆ ಎದ್ದು ಕಾಣುತ್ತದೆ.

ಬ್ಯಾಗ್ರೌಂಡ್ ತೆಗೆಯುವ ಪೈಥಾನ್ ಲೈಬ್ರರಿ ರೆಂಬಿಜಿ (rembg) ಒಂದೇ ಸಾಲಿನಲ್ಲಿ ಇದನ್ನೆಲ್ಲ ಮಾಡುವಾಗ ಈ ತಲೆನೋವೇಕೆ? ಆಕ್ಷೇಪಣೆ ನ್ಯಾಯವಾದದ್ದೇ, ಮದುವೆ ಕಾರ್ಡಿನ ಮುಖಗಳಿಗೆ ಅದನ್ನೇ ಬಳಸಿ. ಆದರೆ ಅದರ ಮೂಲ ಮಾದರಿ ಯು-ಸ್ಕ್ವೇರ್-ನೆಟ್ ಚಿತ್ರವನ್ನು 320 ಪಿಕ್ಸೆಲ್ ಚೌಕಕ್ಕೆ ಕುಗ್ಗಿಸಿ ನೋಡುತ್ತದೆ, ಸಿಕ್ಕ ಮುಸುಕನ್ನು (ಮಾಸ್ಕ್) ಮತ್ತೆ ಹಿಗ್ಗಿಸಲಾಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದ ಜಾಲಿಕೊಂಬೆಯ ನಡುವೆ ನಿಂತ ಬಣ್ಣದ ಕೊಕ್ಕರೆಯ ಕಡ್ಡಿಗಾಲು ಇಂಥ ಕುಗ್ಗಿಸುವಿಕೆಯಲ್ಲಿ ಉಳಿಯುವುದು ಕಷ್ಟ. ದೂರದ ಬ್ಯಾನರಿನಲ್ಲಿ ಯಾರು ನೋಡುತ್ತಾರೆ ಎಂಬ ಮಾತೂ ಈಗ ನಡೆಯದು. ಶುಭಾಶಯಗಳು ಮೊಬೈಲಿಗೆ ಬರುತ್ತವೆ, ಬೆರಳಿನಿಂದ ಹಿಗ್ಗಿಸಿ ನೋಡುವವರೇ ಎಲ್ಲ.

ಅರ್ಧ ಕೆಲಸ ಕ್ಯಾಮೆರಾ ಮುಂದೆಯೇ ಮುಗಿಯುತ್ತದೆ. ಮಲ್ಲಿಗೆಯನ್ನು ಕಡುನೀಲಿ ಬಟ್ಟೆಯ ಮೇಲಿಡಿ. ತೊಟ್ಟು ಹಸಿರಾದ್ದರಿಂದ ಹಸಿರು ಬೇಡ. ಕತ್ತರಿಸಿದ್ದನ್ನು ಗ್ರಾಹಕರಿಗೆ ಕೊಡುವ ಮುನ್ನ ಒಮ್ಮೆ ಕಪ್ಪಿನ ಮೇಲೆ, ಒಮ್ಮೆ ಬಿಳಿಯ ಮೇಲೆ ಇಟ್ಟು ನೋಡಿ.