ಬೇಸಿಗೆಯಲ್ಲೂ ಸಿಹಿಯಾದ ಹೊಳೆ

ಶಾಂಭವಿ, ನಂದಿನಿ ಸೇರಿ ಕಡಲಿಗಿಳಿಯುವ ಸಸಿಹಿತ್ಲಿನ ಅಳಿವೆ ಬಾಗಿಲು ಜಾಗ ಬದಲಿಸುವ ಬಗ್ಗೆ ಈ ವಾರ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ‘ಪಶ್ಚಿಮಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಹಳೇ ಪಲ್ಲವಿ ಮತ್ತೆ ಕಿವಿಗೆ ಬಿತ್ತು. ಬಾಗಿಲು ಕಾಯಲಿ. ಎಲ್ಲಿಗೂ ಹೋಗುವುದಿಲ್ಲ ಎನ್ನುವಂತಿಲ್ಲ, ಆದರೂ ಒಂದು ವಾರ ತಡೆದೀತು.

ಈ ವ್ಯರ್ಥವಾದಿಗಳು ಒಮ್ಮೆ ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ ಬರಬೇಕು. ನಮ್ಮ ಕರಾವಳಿಯ ಅಳಿವೆಗೆ ವರ್ಷದಲ್ಲಿ ಎರಡು ಸ್ವಭಾವ. ಮಳೆಗಾಲದ ನೆರೆ ಉಪ್ಪನ್ನು ಕಡಲಿಗೆ ದೂಡುತ್ತದೆ. ಮಳೆ ಬಿಟ್ಟು ಹೊಳೆ ಸೊರಗಿದ ಮೇಲೆ ಭರತದ ನೀರು ದಿನಕ್ಕೆರಡು ಬಾರಿ ಮೈಲಿಗಟ್ಟಲೆ ಒಳಗೇರುತ್ತದೆ. ಬಳಚು ಎಂಬ ಚಿಪ್ಪುಜೀವಿ ಬದುಕುವುದು ಆ ಉಪ್ಪನ್ನು ನಂಬಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುದಾಗಾರ ದುಡಿಸಿ ಬಿಟ್ಟ ನೀರು ಕಡುಬೇಸಿಗೆಯಲ್ಲೂ ಶರಾವತಿಗೆ ಇಳಿಯತೊಡಗಿತು. ಹೊಳೆ ಸಿಹಿಯಾಯಿತು, ಬಳಚು ಸೊರಗಿತು. ಅಂದರೆ ಈ ಅಳಿವೆ ಕೆಟ್ಟದ್ದು ನೀರು ಸಾಲದೆ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದು. ಟಿಎಂಸಿ ಲೆಕ್ಕದವರ ಕಡತದಲ್ಲಿ ಈ ನಷ್ಟಕ್ಕೆ ಕಾಲಮ್ಮೇ ಇಲ್ಲ.

ಪಕ್ಕದ ಕುಮಟಾಕ್ಕೆ ಹೋದರೆ ಅಘನಾಶಿನಿ. ಮಿರ್ಜಾನ್ ಕೋಟೆ ಕಾಲದ ಕಾಳುಮೆಣಸಿನ ವ್ಯಾಪಾರ ಕಂಡ ಹೊಳೆ. ದೊಡ್ಡ ಅಣೆಕಟ್ಟಿನ ಮುಖ ಮಾತ್ರ ಕಂಡಿಲ್ಲ. ಹಾಗಾಗಿ ಅಲ್ಲಿ ಋತು ಇನ್ನೂ ಋತುವಾಗಿಯೇ ಉಳಿದಿದೆ. ಇಳಿತದಲ್ಲಿ ಜನ ಸೊಂಟಮಟ್ಟ ನೀರಿಗಿಳಿದು ಬಳಚು ಹೆಕ್ಕುತ್ತಾರೆ, ದಡದಲ್ಲಿ ಕಾಂಡ್ಲಾ ಕಾಡು ಬೇರುಬಿಟ್ಟಿದೆ. 2024ರಲ್ಲಿ ಈ ಅಳಿವೆ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಬಿರುದು ಬಂದದ್ದು ಸಂತೋಷ. ಆದರೆ ಇದೇ ಹೊಳೆಯನ್ನು ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವವೂ ಇದೆ, ಮಳೆಗಾಲದ ನೀರು ‘ಹೆಚ್ಚುವರಿ’ ಎಂಬ ತರ್ಕದ ಮೇಲೆ.

ಅಳಿವೆಯಂಚಿನ ಉಪ್ಪುಗದ್ದೆಯಾದ ಗಜನಿಯ ರೈತನನ್ನು ಕೇಳಿ, ಯಾವುದು ಹೆಚ್ಚುವರಿ ಎಂದು. ಗದ್ದೆಯ ಉಪ್ಪು ತೊಳೆಯುವುದು ಮಳೆಗಾಲದ ಸಿಹಿನೀರು. ಆಗ ಬಿತ್ತುವುದು ಕಗ್ಗ: ಎತ್ತರಕ್ಕೆ ಬೆಳೆಯುವ, ಉಪ್ಪಿಗೂ ನೆರೆಗೂ ಜಗ್ಗದ ಭತ್ತ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದರೆ ಅದೇ ಗದ್ದೆಗೆ ಉಪ್ಪುನೀರಿನ ಜತೆ ಸಿಗಡಿ, ಮೀನು. ಒಂದೇ ನೆಲ, ಎರಡು ಫಸಲು. ಅದನ್ನು ಬಿಟ್ಟು ಬರೀ ಸಿಗಡಿ ಹೊಂಡ ಮಾಡಿದವರ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ.

ಅಂದಹಾಗೆ, ಕಗ್ಗದ ಗಂಜಿಗೆ ಬಳಚಿನ ಸುಕ್ಕೆಯೇ ಆಗಬೇಕು ಎನ್ನುವ ಪಕ್ಷ ನನ್ನದು. ಮೀನುಸಾರಿನವರು ಬೇಕಿದ್ದರೆ ಪತ್ರ ಬರೆದು ಜಗಳಕ್ಕೆ ಬರಲಿ.