ನೀರಗಂಟಿಯೋ ಮಾಂತ್ರಿಕನೋ

ಬೆಂಗಳೂರಿನ ಒಂದು ಕಚೇರಿಯ ಸರ್ವರ್ ರೂಮಿನ ಬಾಗಿಲಿಗೆ ಯಾರೋ ಎ4 ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದರು: ‘ಗರ್ಭಗುಡಿ. ಪೂಜಾರಿಗಳಿಗೆ ಮಾತ್ರ ಪ್ರವೇಶ.’ ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ. ಒಳಗೆ ಧೂಳು ಹೋಗಬಾರದೆಂದು ಬರಿಗಾಲಲ್ಲೇ ಹೋಗಬೇಕಿತ್ತು. ಒಳಗೆ ಮೈ ಕೊರೆಯುವ ಎಸಿ, ಫ್ಯಾನುಗಳ ಎಡೆಬಿಡದ ಮೊರೆತ, ಕತ್ತಲಲ್ಲಿ ಮಿಣುಕುವ ಹಸಿರು ದೀಪಗಳು. ಆಯುಧಪೂಜೆಯ ದಿನ ರ್‍ಯಾಕಿಗೆ ಚೆಂಡುಹೂವಿನ ಹಾರ, ಯುಪಿಎಸ್‌ಗೆ ಅರಿಶಿನ ಕುಂಕುಮ, ಹೊಸ್ತಿಲಲ್ಲಿ ಒಡೆದ ಬೂದುಗುಂಬಳ. ಅಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗಳಾಗಿದ್ದ ನನ್ನನ್ನೂ ನನ್ನ ಸೀನಿಯರನ್ನೂ ಇಡೀ ಮಹಡಿ ‘ಪೂಜಾರಪ್ಪ’ ಅಂತಲೇ ಕರೆಯುತ್ತಿತ್ತು. “ಪೂಜಾರಪ್ಪ, ಪ್ರಿಂಟರ್‌ಗೆ ಸ್ವಲ್ಪ ಮಂಗಳಾರತಿ ಮಾಡಿ ಬನ್ನಿ” ಎಂದು ಅಕೌಂಟ್ಸ್‌ನವರು ಕರೆದರೆ ನಾವೂ ನಗುತ್ತಲೇ ಹೋಗುತ್ತಿದ್ದೆವು.

ಐಟಿಯಲ್ಲಿ ಈ ಕೆಲಸಕ್ಕೆ ಅಂಟಿಕೊಂಡಿರುವಷ್ಟು ಅಡ್ಡಹೆಸರುಗಳು ಬೇರಾವ ಕೆಲಸಕ್ಕೂ ಇದ್ದಂತಿಲ್ಲ. ಮಾಂತ್ರಿಕ, ಗುರು, ನಿಂಜಾ, ಪ್ಲಂಬರ್, ಬೆಂಕಿ ಆರಿಸುವವನು, ರೀಸ್ಟಾರ್ಟ್ ಸ್ವಾಮಿ, ವೈರು ಬಿಡಿಸೋ ಅಣ್ಣ. ಕಾರಣ ಕೆಲಸದ ಗುಣದಲ್ಲೇ ಇದೆ. ಪ್ರೋಗ್ರಾಮರ್ ಹತ್ತಿರ ಇದೋ ನೋಡಿ ಎಂದು ತೋರಿಸಲು ಒಂದು ಆ್ಯಪ್ ಇರುತ್ತದೆ. ಅಡ್ಮಿನ್ ಚೆನ್ನಾಗಿ ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ: ಮೇಲ್ ಬರುತ್ತದೆ, ಸಂಬಳ ಖಾತೆಗೆ ಬೀಳುತ್ತದೆ, ನಿನ್ನೆ ಉಳಿಸಿದ ಫೈಲ್ ಇವತ್ತೂ ಅಲ್ಲೇ ಇರುತ್ತದೆ. ಕಣ್ಣಿಗೆ ಬೀಳದ ಕೆಲಸಕ್ಕೆ ಏನೆಂದು ಹೆಸರಿಡುವುದು? ಆ ಖಾಲಿ ಜಾಗಕ್ಕೆ ತಮಾಷೆ ಬಂದು ಕೂತಿದೆ. ಅದು ಬರೀ ತಮಾಷೆ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. 11 ವರ್ಷ ಈ ಕೆಲಸದಲ್ಲಿದ್ದು ನಾನು ಕಂಡದ್ದು ಇಷ್ಟು: ಜನ ಹೇಗೆ ಕರೆಯುತ್ತಾರೋ ಹಾಗೇ ನಡೆಸಿಕೊಳ್ಳುತ್ತಾರೆ. ಹಾಗಾಗಿ ಈ ಹೆಸರುಗಳನ್ನು ತೂಗಿ ನೋಡಬೇಕು. ಹೆಸರು ಕೆಲಸವನ್ನು ತೋರಿಸುತ್ತದೆಯೋ ಮುಚ್ಚುತ್ತದೆಯೋ, ಇಟ್ಟವರು ಯಾರು, ಈ ಎರಡೇ ನನ್ನ ತಕ್ಕಡಿಯ ಬಟ್ಟುಗಳು.

ಹಳೆಯ ಹೆಸರುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಪೋಸ್ಟ್‌ಮಾಸ್ಟರ್. 1982ರಲ್ಲಿ ಇಮೇಲಿನ ರೂಪರೇಷೆ ನಿಗದಿಪಡಿಸಿದ ಆರ್‌ಎಫ್‌ಸಿ 822 ಎಂಬ ದಾಖಲೆ, ಮೇಲ್ ನಡೆಸುವ ಪ್ರತಿ ಡೊಮೇನಿನಲ್ಲೂ ಈ ಹೆಸರಿನ ಒಂದು ವಿಳಾಸ ಇರಲೇಬೇಕು, ಅದಕ್ಕೆ ಬಂದ ಪತ್ರ ಹೊಣೆ ಹೊತ್ತ ಒಬ್ಬ ಮನುಷ್ಯನಿಗೆ ತಲುಪಬೇಕು ಎಂದು ವಿಧಿಸಿತು. ಇದರಲ್ಲಿ ನಗು ತೆಳುವಾಗಿದೆ, ಮರ್ಯಾದೆ ದಟ್ಟವಾಗಿದೆ. ಊರಿನ ಅಂಚೆಮನೆಯ ಪೋಸ್ಟ್‌ಮಾಸ್ಟರನ್ನು ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಾಗದ ಬರಲಿಲ್ಲ ಎಂದರೆ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು.

ಡೀಮನ್ ಎಂಬ ಪದದ ಕತೆಯೂ ಚೆನ್ನಾಗಿದೆ. 1963ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಪ್ರಾಜೆಕ್ಟ್ ಮ್ಯಾಕ್ ತಂಡದವರು, ಯಾರೂ ಕರೆಯದೆಯೇ ಹಿನ್ನೆಲೆಯಲ್ಲಿ ದುಡಿಯುವ ಪ್ರೋಗ್ರಾಮುಗಳಿಗೆ ಆ ಹೆಸರಿಟ್ಟರು. ಭೌತವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಕಲ್ಪಿಸಿದ್ದ, ಬಿಸಿ ತಣ್ಣನೆಯ ಅಣುಗಳನ್ನು ಪುಟ್ಟ ಬಾಗಿಲಲ್ಲಿ ಕೂತು ಬೇರ್ಪಡಿಸುವ ಡೀಮನ್‌ನಿಂದ ಬಂದ ಹೆಸರದು. ಡೀಮನ್‌ಗಳನ್ನು ಆಳುವವನು ಮಾಂತ್ರಿಕನೇ ಆಗಬೇಕಲ್ಲ? ಯೂನಿಕ್ಸ್ ಬಲ್ಲವರು ವಿಝಾರ್ಡ್ ಆದರು, ಗುರು ಆದರು. ಇಲ್ಲಿಂದ ನನ್ನ ತಕರಾರು ಶುರು.

ಮೊದಲು ಗುರುವಿನ ಮಾತು ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಎತ್ತರದ ಪೀಠದಲ್ಲಿ ಕೂತ ಈ ಪದ ಬೆಂಗಳೂರಿಗೆ ಬಂದಾಗ ಕೆಳಗಿಳಿದು ಹೆಗಲ ಮೇಲೆ ಕೈ ಹಾಕಿತು. “ಏನ್ ಗುರು, ವೈಫೈ ಬರ್ತಿಲ್ಲ, ಸ್ವಲ್ಪ ನೋಡು ಗುರು” ಎಂದು ಕೇಳುವ ಹುಡುಗ ಅದೇ ಬಾಯಲ್ಲಿ ಕ್ಯಾಂಟೀನಿನವನನ್ನೂ ಆಟೊದವನನ್ನೂ ಗುರು ಎಂದೇ ಕರೆಯುತ್ತಾನೆ. ಅದರಲ್ಲಿ ಭಯವಿಲ್ಲ, ದೂರವಿಲ್ಲ. ಹಾಗೆ ಕರೆಸಿಕೊಂಡು ಕೆಲಸ ಮಾಡಿಕೊಡುವುದು ನನಗೆ ಯಾವತ್ತೂ ಖುಷಿಯ ಸಂಗತಿಯಾಗಿತ್ತು.

ಮಾಂತ್ರಿಕ ಹಾಗಲ್ಲ. ನನ್ನ ಸೀನಿಯರ್‌ಗೆ ಆ ಬಿರುದೂ ಇತ್ತು, ಅದಕ್ಕೆ ತಕ್ಕ ಕೈಚಳಕವೂ ಇತ್ತು. ಅವರು ಕೀಬೋರ್ಡ್ ಮುಟ್ಟಿದರೆ ಸತ್ತ ಸರ್ವರ್ ಎದ್ದು ಕೂರುತ್ತಿತ್ತು. ಹೇಗೆ ಮಾಡಿದಿರಿ ಎಂದು ಯಾರೂ ಕೇಳಲಿಲ್ಲ; ಮಂತ್ರವನ್ನು ಯಾರು ಕೇಳುತ್ತಾರೆ? ಅವರಿಗೂ ಬರೆದಿಡಲು ಪುರುಸೊತ್ತು ಸಿಗಲಿಲ್ಲ. ಒಮ್ಮೆ ಅವರಿಗೆ ಕಾಮಾಲೆಯಾಯಿತು. ಅವರು ಊರಿಗೆ ಹೋಗಿ ಮಲಗಿದ ಎಂಟನೇ ದಿನ, ತಿಂಗಳ 30ನೇ ತಾರೀಕು, ಸಂಬಳದ ಸರ್ವರ್ ನಿಂತಿತು. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿ, “ಈಗ ತಾನೇ ಗಂಜಿ ಕುಡಿದು ಮಲಗಿದಾರಪ್ಪ” ಎಂದರು. ಆದರೂ ಎಬ್ಬಿಸಿದರು. ಕ್ಷೀಣ ದನಿಯಲ್ಲಿ ಅವರು, ಸರ್ವರಿನ ಪೂರ್ತಿ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡನ್ನು ಅಕ್ಷರಕ್ಷರವಾಗಿ ಹೇಳಿದರು. ದೊಡ್ಡ ಎಂ, ಸಣ್ಣ ಎಂ, ಸೊನ್ನೆ ಅಲ್ಲ ಓ. ನಾನು ಬರೆದುಕೊಂಡೆ. ನಡುವೆ ಅವರು ನಾಲ್ಕೈದು ಸಲ ಸುಧಾರಿಸಿಕೊಳ್ಳಲು ನಿಂತರು. ಸಂಬಳವೇನೋ ಮರುದಿನ ಬಂತು. ಹಾಸಿಗೆ ಹಿಡಿದ ಮನುಷ್ಯನನ್ನು ಎಬ್ಬಿಸಿದ್ದು ಮಾತ್ರ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಮಾಂತ್ರಿಕನಿಗೆ ಬದಲಿ ಆಳು ಇರುವುದಿಲ್ಲ, ರಜೆಯೂ ಇರುವುದಿಲ್ಲ. ಹೊಗಳುವ ಹೆಸರುಗಳಲ್ಲಿ ಇದರಷ್ಟು ತುಟ್ಟಿಯಾದದ್ದು ಇನ್ನೊಂದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಬಾಗಿಲಿನ ‘ಪೂಜಾರಿ’ಯೂ ಇದೇ ಜಾತಿಯ ಹೆಸರು: ಒಳಗೆ ನಡೆಯುವುದನ್ನು ಹೊರಗಿನವರು ತಿಳಿಯಬೇಕಿಲ್ಲ, ತೀರ್ಥ ಸಿಕ್ಕರೆ ಸಾಕು.

ಇನ್ನೊಂದು ತುದಿಯಲ್ಲಿ ನರಕದಿಂದ ಬಂದ ಆಪರೇಟರ್ ಇದ್ದಾನೆ. ನ್ಯೂಜಿಲೆಂಡಿನ ಸೈಮನ್ ಟ್ರವಾಲಿಯಾ 1990ರ ದಶಕದ ಆರಂಭದಲ್ಲಿ ಬರೆಯಲು ಶುರುಮಾಡಿದ ಕತೆಗಳ ನಾಯಕನಾದ ಇವನು, ಸಹಾಯ ಕೇಳಿ ಫೋನ್ ಮಾಡಿದವರ ಫೈಲುಗಳನ್ನೇ ಅಳಿಸುತ್ತಾನೆ, ಬಾಯಿಗೆ ಬಂದ ತಾಂತ್ರಿಕ ಕಾರಣ ಹೇಳಿ ಕಳಿಸುತ್ತಾನೆ. ಬರಹ ಬಿಗಿಯಾಗಿದೆ, ನಗು ನಿಜವಾದದ್ದು. ದಿನಕ್ಕೆ ನಲವತ್ತು ಸಲ ಅದೇ ಪ್ರಶ್ನೆಗೆ ಉತ್ತರ ಹೇಳಿದವನ ಒಡಲುರಿಯನ್ನು ಇಷ್ಟು ಚೆನ್ನಾಗಿ ಹಿಡಿದ ಬರಹ ನಾನು ಬೇರೆ ಓದಿಲ್ಲ. ಕತೆಯಾಗಿ ಅದು ಗೆದ್ದಿದೆ. ಆದರೆ ಆ ಹೆಸರನ್ನು ಎದೆಯ ಮೇಲೆ ಬಿಲ್ಲೆಯಂತೆ ಧರಿಸಿದ ಅಡ್ಮಿನ್‌ಗಳನ್ನು ನೋಡಿದ್ದೇನೆ. ಯೂಸರ್ ಎನ್ನುವ ಬದಲು ಲೂಸರ್ ಎನ್ನುತ್ತಾ, ಪಾಸ್‌ವರ್ಡ್ ಮರೆತ ಹಿರಿಯ ಗುಮಾಸ್ತರನ್ನು ಎಲ್ಲರೆದುರು ಅಳುವಂತೆ ಮಾಡಿದವರು. ಅಂಥವರ ಕೈಯಲ್ಲಿ ಸರ್ವರಿನ ಪೂರ್ತಿ ಅಧಿಕಾರ ಇರುತ್ತದೆ. ಹಲವು ಲಿನಕ್ಸ್‌ಗಳಲ್ಲಿ ಆ ಅಧಿಕಾರ ಬಳಸುವ ಸುಡೊ ಎಂಬ ಆಜ್ಞೆಯನ್ನು ಮೊದಲ ಸಲ ಕೊಟ್ಟಾಗ ಪರದೆಯ ಮೇಲೆ ಮೂರು ಬುದ್ಧಿಮಾತು ಮೂಡುತ್ತವೆ. ಅವುಗಳಲ್ಲಿ ಮೊದಲನೆಯದು ಇತರರ ಖಾಸಗಿತನವನ್ನು ಗೌರವಿಸು ಎಂಬುದು. ನನ್ನ ಮಟ್ಟಿಗೆ ಈ ವೃತ್ತಿಯ ಧರ್ಮ ಅಲ್ಲಿದೆ, ನರಕದ ಆಪರೇಟರ್‌ನಲ್ಲಿಲ್ಲ.

ನಿಂಜಾ, ರಾಕ್‌ಸ್ಟಾರ್ ಇತ್ಯಾದಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಎಚ್‌ಆರ್ ವಿಭಾಗದ ನಾಲಿಗೆಯಲ್ಲಿ ಓಡಾಡುವ ಹೆಸರುಗಳು. ನನಗೂ ಅಂಥದ್ದೊಂದು ಸಿಕ್ಕಿತು, ಅಡ್ಮಿನ್‌ಗಳಿಗೆಂದೇ ಇರುವ ಒಂದು ದಿನ. 2000ನೇ ಇಸವಿಯಲ್ಲಿ ಶಿಕಾಗೊದ ಅಡ್ಮಿನ್ ಟೆಡ್ ಕೆಕಾಟೊಸ್, ಎಚ್‌ಪಿ ಪ್ರಿಂಟರಿನ ಜಾಹೀರಾತೊಂದರಲ್ಲಿ ಸಹೋದ್ಯೋಗಿಗಳು ಉಡುಗೊರೆ ಹಿಡಿದು ಅಡ್ಮಿನ್‌ಗೆ ಧನ್ಯವಾದ ಹೇಳಲು ಸಾಲುಗಟ್ಟಿ ನಿಂತದ್ದು ಕಂಡು, ಜುಲೈ ತಿಂಗಳ ಕೊನೆಯ ಶುಕ್ರವಾರವನ್ನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗಳನ್ನು ನೆನೆಯುವ ದಿನವಾಗಿ ಆರಂಭಿಸಿದರು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ದಿನ. ನಾನಿದ್ದ ಇನ್ನೊಂದು ಕಚೇರಿಯಲ್ಲಿ ಆ ದಿನ ನನಗೆ ‘ಐಟಿ ನಿಂಜಾ’ ಎಂದು ಅಚ್ಚಾದ ಮಗ್ ಕೊಟ್ಟರು. ನನ್ನ ಪಕ್ಕದ ಹುದ್ದೆ ಖಾಲಿಯಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ, ಹೊತ್ತಲ್ಲದ ಹೊತ್ತಲ್ಲೂ ಕರೆ ಬರುವ ಆನ್‌ಕಾಲ್ ಫೋನ್ ನನ್ನ ದಿಂಬಿನ ಕೆಳಗೇ ಇತ್ತು. ಕೆಲಸ ಮಾಡುವವನು ಕೇಳಿದ್ದನ್ನು ಕೊಡದೆ ಕೇಳದ ಹೆಸರೊಂದನ್ನು ಕೊಡುವುದು ಅನ್ಯಾಯ. ಈ ಮಾತನ್ನು ನಾನು ಅವತ್ತು ಹೇಳಬೇಕಿತ್ತು, ಹೇಳಲಿಲ್ಲ.

ಅಮೆರಿಕದಲ್ಲಿ ಅಡ್ಮಿನ್‌ಗಳು ತಮ್ಮನ್ನು ತಾವೇ ‘ಡಿಜಿಟಲ್ ಜಾನಿಟರ್’ ಎಂದು ಕರೆದುಕೊಳ್ಳುವುದುಂಟು. ಬೇರೆಯವರು ಬಿಟ್ಟುಹೋದ ಕಸ ಗುಡಿಸುತ್ತೇವೆ ಎಂಬರ್ಥ. ಅಲ್ಲಿ ಅದು ದಣಿದವರ ಹಗುರ ಮಾತು. ಕನ್ನಡಕ್ಕೆ ತಂದ ಕೂಡಲೇ ಅದು ಹಗುರವಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಕಸ ತೆಗೆಯುವ ಕೆಲಸವನ್ನು ಜಾತಿ ಹಂಚಿದೆ. ಆ ಕೆಲಸದ ಹಳೆಯ ಹೆಸರುಗಳು ಬೈಗುಳಗಳಾಗಿ ಬಳಕೆಯಾಗಿವೆ. ಎಸಿ ಕೋಣೆಯಲ್ಲಿ ಕೂತವನು ಆ ಹೆಸರನ್ನು ತಮಾಷೆಗೆ ಹಾಕಿಕೊಂಡರೆ, ಅದೇ ಕಟ್ಟಡದ ಹೊರಗೆ ಬೆಳಗ್ಗೆ ಆರಕ್ಕೆ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಅದು ಹೇಗೆ ಕೇಳಿಸೀತು? ಈ ಹೆಸರು ಕನ್ನಡದಲ್ಲಿ ಬೇಡವೇ ಬೇಡ. ಒಂದು ತುದಿಯಲ್ಲಿ ಪೂಜಾರಿ, ಇನ್ನೊಂದು ತುದಿಯಲ್ಲಿ ಜಾಡಮಾಲಿ: ನಮ್ಮ ತಮಾಷೆಯೂ ಹಳೆಯ ಏಣಿಯ ಮೇಲೇ ಹತ್ತಿ ಇಳಿಯುತ್ತದೆ.

ಹಾಗಾದರೆ ಯಾವ ಹೆಸರು? ನಾನು ಕಂಡಂತೆ ಸರಿಯಾದ ಹೆಸರು ನಮ್ಮ ಕೆರೆಗಳ ಏರಿಯ ಮೇಲಿದೆ: ನೀರಗಂಟಿ. ಕೋಲಾರ, ತುಮಕೂರು ಕಡೆಯ ಕೆರೆಯೂರುಗಳಲ್ಲಿ ತೂಬು ಎತ್ತಿ ಇಳಿಸುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಹರಿಸುವವನು, ಕಾಲುವೆ ಕಟ್ಟಿದರೆ ರಾತ್ರಿ ಗುದ್ದಲಿ ಹಿಡಿದು ಹೋಗುವವನು, ಮಳೆ ಜೋರಾದರೆ ಏರಿಯ ಮೇಲೆ ಕಾವಲು ನಿಲ್ಲುವವನು ಅವನು. ಹಲವು ಊರುಗಳಲ್ಲಿ ಇದು ದಲಿತ ಕುಟುಂಬಗಳು ತಲೆಮಾರಿನಿಂದ ಮಾಡಿಕೊಂಡು ಬಂದ ಕೆಲಸ. ನೀರು ಹಂಚುವ ಹೊತ್ತಿನಲ್ಲಿ ದೊಡ್ಡ ಹಿಡುವಳಿಯವನೂ ನೀರಗಂಟಿಯ ಮಾತು ಕೇಳಬೇಕಿತ್ತು. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅವನಿಗೆ ಸಲ್ಲಬೇಕಿತ್ತು. ನೀರಿನ ಜಾಗದಲ್ಲಿ ಡೇಟಾ ಇಟ್ಟು ನೋಡಿ. ಬ್ಯಾಂಡ್‌ವಿಡ್ತ್ ಹಂಚುವುದು, ತುಂಬಿದ ಡಿಸ್ಕಿಗೆ ಕೋಡಿ ತೆಗೆಯುವುದು, ಏರಿ ಬಿರುಕು ಬಿಡುವ ಮೊದಲೇ ಕಂಡುಹಿಡಿಯುವುದು, ಎಲ್ಲವೂ ಇದೆ. ಮಾಂತ್ರಿಕನಲ್ಲಿರುವ ಗುಟ್ಟು ಇದರಲ್ಲಿಲ್ಲ. ತೂಬು ಎಲ್ಲಿದೆ ಎಂದು ಇಡೀ ಊರಿಗೆ ಗೊತ್ತು; ಅದನ್ನು ಎಷ್ಟು ಎತ್ತಬೇಕು ಎಂಬುದು ನೀರಗಂಟಿಗೆ ಗೊತ್ತು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಈ ಹೆಸರನ್ನು ಎರವಲು ಪಡೆಯುವವರು ಅದು ಯಾರ ಬೆವರಿನಿಂದ ಬಂದದ್ದೆಂದು ತಿಳಿದು ಪಡೆಯಬೇಕು.

ತಮಾಷೆಯ ಹೆಸರು ಒಳ್ಳೆಯದನ್ನೇ ಮಾಡಿದ ಒಂದು ಪ್ರಸಂಗವೂ ಇದೆ. 2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ದಣಿವಿನಲ್ಲಿ ತಪ್ಪು ಸರ್ವರಿನ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ತೆಗೆದು ನೋಡಿದರೆ ಅದು ಎಷ್ಟೋ ದಿನಗಳಿಂದ ಆಗಿಯೇ ಇರಲಿಲ್ಲ. ಆಗುತ್ತಿಲ್ಲ ಎಂದು ತಿಳಿಸುವ ಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿದ್ದರಿಂದ ಹೋದದ್ದು ಆ ಆರು ಗಂಟೆಯ ಡೇಟಾ ಮಾತ್ರ. ಕಂಪನಿ ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು, ತಪ್ಪು ವ್ಯವಸ್ಥೆಯದು ಎಂದು ಒಪ್ಪಿತು, ವರದಿಯಲ್ಲಿ ಆ ಎಂಜಿನಿಯರ್ ಹೆಸರು ಹಾಕಲಿಲ್ಲ. ಆಮೇಲೆ ತಂಡದ ಪಟ್ಟಿಯಲ್ಲಿ ಅವರ ಹುದ್ದೆ ‘ಡೇಟಾಬೇಸ್ ಅಳಿಸುವ ತಜ್ಞ’ ಎಂಬರ್ಥದಲ್ಲಿ ಕಾಣಿಸಿಕೊಂಡಿತು. ಆ ನಗು ನನಗೆ ಇಷ್ಟವಾಗುವುದು ಅದರ ಹಿಂದಿನ ಭರವಸೆಗೆ: ಕೆಲಸ ಹೋಗುವುದಿಲ್ಲ ಎಂದು ಗೊತ್ತಿರುವವರು ಮಾತ್ರ ಹೀಗೆ ನಗಬಲ್ಲರು. ಹೆದರಿಸುವ ಕಚೇರಿಯಲ್ಲಿ ಇದೇ ಹೆಸರು ಶಿಕ್ಷೆಯಾಗುತ್ತಿತ್ತು.

ಮಾಂತ್ರಿಕನಲ್ಲ, ನೀರಗಂಟಿಯೇ ಬೇಕು ಎಂದು ತೋರಿಸಿದ ದಿನವೂ ಒಂದಿದೆ: 2024ರ ಜುಲೈ 19, ಶುಕ್ರವಾರ. ಕಂಪ್ಯೂಟರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ನಿಂತ ಯಂತ್ರಗಳನ್ನು ಎಬ್ಬಿಸಲು ಮಂತ್ರ ಇರಲಿಲ್ಲ. ಬಹುತೇಕ ಕಡೆ ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡಿಗೆ ಹೋಗಿ, ಒಂದು ಫೈಲ್ ಅಳಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮೊದಲು 48 ಅಂಕಿಗಳ ಕೀಲಿ ಹೊಡೆಯಬೇಕಿತ್ತು. ಮನೆಯಿಂದ ಕೆಲಸ ಮಾಡುವವರಿಗೆ ಆ 48 ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದ ಅಡ್ಮಿನ್‌ಗಳು ನನಗೆ ಗೊತ್ತು. ಒಂದು ಅಂಕಿ ತಪ್ಪಿದರೂ ಬೀಗ ತೆರೆಯುತ್ತಿರಲಿಲ್ಲ. ಕಾಲುವೆಯುದ್ದಕ್ಕೂ ನಡೆದು ಒಂದೊಂದೇ ಮಡೆ ಬಿಡಿಸಿದ ಹಾಗೆ. ಅದಾಗಿ ಒಂದೇ ವಾರಕ್ಕೆ, ಜುಲೈ 26ರಂದು, ಅಡ್ಮಿನ್‌ಗಳ ದಿನ ಬಂತು.

ಈಚೆಗೆ ಹೊಸ ಹೆಸರುಗಳೂ ಬಂದಿವೆ. ಗೂಗಲ್ 2003ರಲ್ಲಿ ಆರಂಭಿಸಿದ ಸೈಟ್ ರಿಲಯಬಿಲಿಟಿ ಎಂಜಿನಿಯರ್, 2009ರ ನಂತರ ಹರಡಿದ ಡೆವ್‌ಆಪ್ಸ್. ಗಂಭೀರ ಹೆಸರುಗಳು, ಸಂಬಳವೂ ಹೆಚ್ಚು. ಚಿಕ್ಕ ಊರಿನ ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಕೂತವನಿಗೆ ಅವು ತಲುಪಿಲ್ಲ. ಅವನನ್ನು ಇವತ್ತೂ “ಕಂಪ್ಯೂಟರ್‌ನವರು” ಎಂದೇ ಕರೆಯುತ್ತಾರೆ.

ನಿಮ್ಮ ಕಚೇರಿಯಲ್ಲೂ ಅಂಥವರೊಬ್ಬರು ಇದ್ದಾರೆ. ಅವರಿಗೆ ಅಡ್ಡಹೆಸರು ಇಟ್ಟಿದ್ದರೆ ಅದು ಅವರಿಗೆ ಒಪ್ಪಿಗೆಯೇ ಎಂದು ಕೇಳಿ. ಅವರಿಗೆ ತಿಳಿದದ್ದನ್ನು ಬರೆದಿಡಲು ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಡಿ. ಬರುವ ಜುಲೈ ಕೊನೆಯ ಶುಕ್ರವಾರ ಮಗ್ ಬೇಡ, ಕೇಕೂ ಬೇಡ. ಆ ಒಂದು ರಾತ್ರಿ ಆನ್‌ಕಾಲ್ ಫೋನನ್ನು ಬೇರೆಯವರ ಕೈಗೆ ಕೊಟ್ಟು ಅವರನ್ನು ಮನೆಗೆ ಕಳಿಸಿ.